ಕಾರು ವಿಮೆ ನವೀಕರಿಸುವ ಮುನ್ನ ಪಾಲಿಸಿಯ ಒಳಪುಟಗಳನ್ನು ಓದಿ

ಕಾರು ವಿಮೆಯ ಅವಧಿ ಮುಗಿಯಲು ಇನ್ನೂ ತಿಂಗಳಿರುವಾಗಲೇ ಸಂದೇಶಗಳು ಬರತೊಡಗುತ್ತವೆ. ಷೋರೂಂನವರು ಒಂದು ಮೊತ್ತ ಹೇಳುತ್ತಾರೆ, ಏಜೆಂಟರು ಅದಕ್ಕಿಂತ ಸಾವಿರ ಕಡಿಮೆ ಹೇಳುತ್ತಾರೆ, ಆ್ಯಪ್‌ನಲ್ಲಿ ಅದಕ್ಕಿಂತಲೂ ಕಡಿಮೆ ಕಾಣುತ್ತದೆ. ಹೆಚ್ಚಿನವರು ಅಷ್ಟಕ್ಕೇ ತೀರ್ಮಾನಿಸಿ ಹಣ ಕಟ್ಟಿಬಿಡುತ್ತಾರೆ. ಆದರೆ ಪಾಲಿಸಿಯ ನಿಜವಾದ ಬೆಲೆ ಗೊತ್ತಾಗುವುದು ಗ್ಯಾರೇಜಿನ ಕೌಂಟರಿನಲ್ಲಿ, ಬಿಲ್ಲಿನಲ್ಲಿ ಕಂಪನಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ನೋಡಿದಾಗ. ಆ ಲೆಕ್ಕವನ್ನು ನವೀಕರಣದ ಹೊತ್ತಿನಲ್ಲೇ ಮಾಡಿಕೊಳ್ಳಬಹುದು. ಬೇಕಾದ ಮಾಹಿತಿಯೆಲ್ಲ ಪಾಲಿಸಿಯಲ್ಲೇ ಇರುತ್ತದೆ. ಒಂದು ಭಾನುವಾರದ ಬೆಳಗ್ಗೆ ಅದಕ್ಕಾಗಿ ಕುಳಿತರೆ ಸಾಕು.

ಮೊದಲು ಹಳೆಯ ಪಾಲಿಸಿಯನ್ನು ಹೊರತೆಗೆಯಿರಿ

ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ: ಥರ್ಡ್ ಪಾರ್ಟಿ ಭಾಗ (ನಿಮ್ಮ ಕಾರಿನಿಂದ ಇತರರಿಗಾಗುವ ಹಾನಿಗೆ) ಯಾವತ್ತು ಮುಗಿಯುತ್ತದೆ, ಓನ್ ಡ್ಯಾಮೇಜ್ ಭಾಗ (ನಿಮ್ಮದೇ ಕಾರಿನ ಹಾನಿಗೆ) ಯಾವತ್ತು ಮುಗಿಯುತ್ತದೆ, ಈಗ ನಿಮಗಿರುವ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಎಷ್ಟು.

ಮೊದಲಿನೆರಡು ದಿನಾಂಕಗಳು ಒಂದೇ ಆಗಿರಬೇಕೆಂದಿಲ್ಲ. ತೊಂದರೆ ಹುಟ್ಟುವುದು ಇಲ್ಲೇ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಕೊಳ್ಳುವುದು ಸುಪ್ರೀಂ ಕೋರ್ಟಿನ ಆದೇಶದಂತೆ ಕಡ್ಡಾಯವಾಯಿತು. ಸ್ವಂತ ಕಾರಿನ ಹಾನಿ ಭರಿಸುವ ಭಾಗವನ್ನು ಸಾಮಾನ್ಯವಾಗಿ ಒಂದೊಂದೇ ವರ್ಷಕ್ಕೆ ಕೊಳ್ಳುತ್ತೇವೆ. ಹಾಗಾಗಿ ಎರಡನೇ ಮತ್ತು ಮೂರನೇ ವರ್ಷ ನವೀಕರಿಸಬೇಕಾದದ್ದು ಓನ್ ಡ್ಯಾಮೇಜ್ ಭಾಗವನ್ನು ಮಾತ್ರ. ಅದನ್ನು ಬೇರೆ ಕಂಪನಿಯಿಂದಲೂ ಕೊಳ್ಳಬಹುದು. ಆಗ ಯಾರಾದರೂ ಥರ್ಡ್ ಪಾರ್ಟಿಯನ್ನೂ ಸೇರಿಸಿ ಮೊತ್ತ ಹೇಳಿದರೆ ಒಂದೇ ರಕ್ಷಣೆಗೆ ಎರಡು ಬಾರಿ ಹಣ ಕೊಟ್ಟಂತಾಗುತ್ತದೆ. ನಾಲ್ಕನೇ ವರ್ಷದ ಅಪಾಯ ಇದಕ್ಕೆ ತದ್ವಿರುದ್ಧ. ರೂಢಿಯಂತೆ ಓನ್ ಡ್ಯಾಮೇಜ್ ಮಾತ್ರ ನವೀಕರಿಸಿದರೆ, ಕಾನೂನು ಕೇಳುವ ಥರ್ಡ್ ಪಾರ್ಟಿ ವಿಮೆಯೇ ಇಲ್ಲದೆ ಕಾರು ರಸ್ತೆಗಿಳಿಯುತ್ತದೆ. ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ದಂಡವನ್ನು ಹೇಗೋ ಕಟ್ಟಬಹುದು. ವಿಮೆಯಿಲ್ಲದ ಕಾರಿನಿಂದ ಒಬ್ಬರ ಪ್ರಾಣ ಹೋದರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮಾಲೀಕರೇ ತೆರಬೇಕಾಗುತ್ತದೆ. ಅದಕ್ಕೆ ಮಿತಿಯಿಲ್ಲ.

ಪ್ರೀಮಿಯಂ ಅನ್ನು ಬಿಡಿಬಿಡಿಯಾಗಿ ನೋಡಿ

ಒಟ್ಟು ಮೊತ್ತದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲಿನವಕ್ಕೆ 7,897. ವಿದ್ಯುತ್ ಕಾರುಗಳಿಗೆ ಶೇ 15ರ ರಿಯಾಯಿತಿ ಇದೆ. ಈ ಭಾಗದಲ್ಲಿ ಯಾವ ಕಂಪನಿಯೂ ತನ್ನಿಷ್ಟದಂತೆ ರಿಯಾಯಿತಿ ಕೊಡುವಂತಿಲ್ಲ. ಆದ್ದರಿಂದ ‘ಅರ್ಧ ಬೆಲೆಗೆ ವಿಮೆ’ ಎಂಬ ಮಾತು ಕೇಳಿದರೆ ಉಳಿತಾಯ ಎಲ್ಲಿಂದ ಬಂತು ಎಂದು ಹುಡುಕಬೇಕಾದದ್ದು ಓನ್ ಡ್ಯಾಮೇಜ್ ಭಾಗದಲ್ಲಿ. ಕಂಪನಿಗಳ ನಡುವೆ ವ್ಯತ್ಯಾಸವಾಗುವುದೂ ಅಲ್ಲೇ. ವಿಮಾ ದರಕ್ಕಾಗಿ ಮಾಡಿದ ವಿಂಗಡಣೆಯಲ್ಲಿ ಬೆಂಗಳೂರು ‘ಎ’ ವಲಯದಲ್ಲಿ ಬರುವುದರಿಂದ, ಇಲ್ಲಿ ನೋಂದಣಿಯಾದ ಕಾರಿಗೆ ಈ ಭಾಗ ಸಣ್ಣ ಊರುಗಳಿಗಿಂತ ತುಸು ಹೆಚ್ಚು.

ಮೂರನೆಯದು ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ರೂಪಾಯಿಯದು. ಇಷ್ಟೇ ಮೊತ್ತದ ವೈಯಕ್ತಿಕ ಅಪಘಾತ ಪಾಲಿಸಿ ನಿಮಗೆ ಬೇರೆ ಇದ್ದರೆ ಅಥವಾ ಮನೆಯ ಇನ್ನೊಂದು ವಾಹನದ ಜೊತೆ ಈಗಾಗಲೇ ಕೊಂಡಿದ್ದರೆ ಮತ್ತೆ ಕೊಳ್ಳಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದ ಮಿತಿಯೊಂದಿದೆ: ಈ ರಕ್ಷಣೆ ಆರ್‌ಸಿಯಲ್ಲಿ ಹೆಸರಿರುವವರಿಗೆ ಮಾತ್ರ. ಕಾರು ಹೆಂಡತಿಯ ಹೆಸರಿನಲ್ಲಿದ್ದು ಗಂಡ ಓಡಿಸುವಾಗ ಅಪಘಾತವಾದರೆ ಗಂಡನಿಗೆ ಇದರಿಂದ ಏನೂ ಸಿಗುವುದಿಲ್ಲ. ಅಂಥ ಮನೆಗಳಲ್ಲಿ ಓಡಿಸುವವರಿಗೆ ಪ್ರತ್ಯೇಕ ಅಪಘಾತ ವಿಮೆ ಇರಲೇಬೇಕು. ಸಂಬಳದ ಚಾಲಕರಿದ್ದರೆ ಅವರ ಹೊಣೆಯ ರಕ್ಷಣೆಯನ್ನು ವರ್ಷಕ್ಕೆ ಸುಮಾರು 50 ರೂಪಾಯಿಗೆ ಸೇರಿಸಬಹುದು, ದಯವಿಟ್ಟು ಸೇರಿಸಿ. ನಾಲ್ಕನೆಯದು ಶೇ 18ರ ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಸಿಕ್ಕ ತೆರಿಗೆ ವಿನಾಯಿತಿ ವಾಹನ ವಿಮೆಗೆ ಸಿಗಲಿಲ್ಲ.

ಕಾರು ಹಳೆಯದಾಯಿತು, ಥರ್ಡ್ ಪಾರ್ಟಿ ಒಂದೇ ಸಾಕು ಎಂದು ಯೋಚಿಸುವವರಿಗೆ ಒಂದು ಮಾತು. ಅಂಥ ಪಾಲಿಸಿಯಲ್ಲಿ ನಿಮ್ಮ ಕಾರಿನ ಹಾನಿಗೆ ಬಿಡಿಗಾಸೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಾರಿನೊಳಗೆ ಕುಳಿತ ನಿಮ್ಮವರನ್ನೂ ಅದು ಸಾಮಾನ್ಯವಾಗಿ ಮೂರನೇ ವ್ಯಕ್ತಿಗಳೆಂದು ಪರಿಗಣಿಸುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಊರಿಗೆ ಹೋಗಿಬರುವ ಕಾರಿಗೆ ನಾನಾದರೆ ಎರಡೂ ಭಾಗಗಳಿರುವ ಕಾಂಪ್ರಹೆನ್ಸಿವ್ ಪಾಲಿಸಿಯನ್ನೇ ಆರಿಸುತ್ತೇನೆ.

ಐಡಿವಿ ಇಳಿಸಿ ತೋರಿಸುವ ಅಗ್ಗದ ದರ

ಕಾರು ಕಳುವಾದರೆ ಅಥವಾ ಪೂರ್ತಿ ನಾಶವಾದರೆ ಸಿಗುವ ಗರಿಷ್ಠ ಮೊತ್ತವೇ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ). ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೂ ಕಾರನ್ನು ಪೂರ್ತಿ ನಷ್ಟವೆಂದು ಪರಿಗಣಿಸುತ್ತಾರೆ. ತಯಾರಕರ ಮಾರಾಟ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ: ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಐದು ವರ್ಷ ದಾಟಿದ ಮೇಲೆ ಕಂಪನಿಯೂ ನೀವೂ ಒಪ್ಪಿಕೊಂಡ ಮೊತ್ತ.

ಆ್ಯಪ್‌ಗಳಲ್ಲಿ ದರ ಹೋಲಿಸುವಾಗ ಅತಿ ಕಡಿಮೆ ಮೊತ್ತ ತೋರಿಸುವ ಪಾಲಿಸಿಯ ಐಡಿವಿಯನ್ನು ಮೊದಲು ನೋಡಿ. ಎಷ್ಟೋ ಸಲ ಅದು ಉಳಿದವುಗಳಿಗಿಂತ ಲಕ್ಷ ರೂಪಾಯಿ ಕೆಳಗಿರುತ್ತದೆ. ಸ್ವಯಂ ಇಚ್ಛೆಯ ಕಡಿತವನ್ನು ಹೆಚ್ಚಿಸಿ ದರ ತಗ್ಗಿಸಿರುವುದೂ ಉಂಟು. ಅಂದರೆ ಪ್ರತಿ ಕ್ಲೇಮ್‌ನಲ್ಲೂ ಅಷ್ಟು ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ. ಎಲ್ಲ ಕಂಪನಿಗಳಲ್ಲೂ ಒಂದೇ ಐಡಿವಿ, ಒಂದೇ ಕಡಿತ, ಒಂದೇ ಹೆಚ್ಚುವರಿ ರಕ್ಷಣೆಗಳನ್ನು ಇಟ್ಟುಕೊಂಡ ಮೇಲಷ್ಟೇ ಹೋಲಿಕೆಗೆ ಅರ್ಥವಿರುತ್ತದೆ.

ಕರ್ನಾಟಕದವರು ನೆನಪಿಡಬೇಕಾದ ಇನ್ನೊಂದು ಸಂಗತಿ ರಸ್ತೆ ತೆರಿಗೆ. ನಮ್ಮಲ್ಲಿ 10 ಲಕ್ಷಕ್ಕೂ ಮೇಲಿನ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆಯೇ ಶೇ 17ರಿಂದ ಆರಂಭ, ಅದರ ಮೇಲೆ ಸೆಸ್ ಬೇರೆ. ಐಡಿವಿಯಲ್ಲಿ ಈ ತೆರಿಗೆಯೂ ನೋಂದಣಿ ಖರ್ಚೂ ಸೇರುವುದಿಲ್ಲ. ಹೊಸ ಕಾರು ಆರೇ ತಿಂಗಳಲ್ಲಿ ಕಳುವಾದರೆ ಕೊಟ್ಟದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಇಲ್ಲಿ ಉಂಟಾಗುವ ಅಂತರ ದೊಡ್ಡದು. ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಈ ಅಂತರಕ್ಕಾಗಿಯೇ ಇದೆ. ಮೊದಲ ಮೂರು ವರ್ಷ ಅದನ್ನು ಬಿಡಬೇಡಿ ಎಂಬುದು ನನ್ನ ಸಲಹೆ. ಆದರೆ ರಸ್ತೆ ತೆರಿಗೆ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿ ಪಠ್ಯದಲ್ಲಿ ಓದಿಯೇ ಒಪ್ಪಿಕೊಳ್ಳಿ.

ಬೋನಸ್ ಎಂಬ ಉಳಿತಾಯ

ಕ್ಲೇಮ್ ಮಾಡದ ಪ್ರತಿ ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ 20, 25, 35, 45, 50ರ ರಿಯಾಯಿತಿ ಸಿಗುತ್ತದೆ. ಒಂದೇ ಕ್ಲೇಮ್ ಸಾಕು, ಮುಂದಿನ ವರ್ಷ ಅದು ಸೊನ್ನೆಗೆ ಇಳಿಯುತ್ತದೆ.

ಹಾಗಾದರೆ ಸಣ್ಣ ಹಾನಿಗೆ ಕ್ಲೇಮ್ ಮಾಡಬೇಕೇ? ಬೋನಸ್ ಕಳೆಯುವ ಮುನ್ನ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 12,000 ರೂಪಾಯಿ, ಈಗಿನ ಬೋನಸ್ ಶೇ 45 ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದಿಂದ ಶೇ 50, ಅಂದರೆ ವರ್ಷಕ್ಕೆ 6,000 ರೂಪಾಯಿ ಕಟ್ಟಿದರಾಯಿತು. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಪೂರ್ತಿ 12,000, ಆಮೇಲೆ 9,600, 9,000, 7,800, 6,600. ಪ್ರೀಮಿಯಂ ಬದಲಾಗುವುದಿಲ್ಲ ಎಂದುಕೊಂಡರೂ ಐದು ವರ್ಷದಲ್ಲಿ ಹೆಚ್ಚಾಗಿ ಹೋಗುವುದು 15,000 ರೂಪಾಯಿ, ತೆರಿಗೆ ಬೇರೆ. ಮೆಜೆಸ್ಟಿಕ್‌ನ ಗದ್ದಲದಲ್ಲಿ ಬಂಪರಿಗೆ ಬಿದ್ದ 4,000 ರೂಪಾಯಿಯ ಗೀರನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಳ್ಳುವುದು ಲೇಸು ಎಂದು ಈ ಲೆಕ್ಕವೇ ಹೇಳುತ್ತದೆ. ಬೋನಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಕೊಂಡಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಪತ್ರ ಪಡೆದುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದನ್ನು ಬಳಸಬಹುದು. ಕಂಪನಿ ಬದಲಿಸಿದರೂ ಬೋನಸ್ ಜೊತೆಗೆ ಬರುತ್ತದೆ. ಕಳೆದ ವರ್ಷ ಕ್ಲೇಮ್ ಮಾಡಿದ್ದನ್ನು ಮುಚ್ಚಿಟ್ಟು ಬೋನಸ್ ಪಡೆಯುವಂತೆ ಯಾರಾದರೂ ಹುರಿದುಂಬಿಸಿದರೆ ಒಪ್ಪಬೇಡಿ. ಕಂಪನಿಗಳು ಪರಸ್ಪರ ದಾಖಲೆ ಪರಿಶೀಲಿಸುತ್ತವೆ, ಆ ಸುಳ್ಳು ಮುಂದಿನ ದೊಡ್ಡ ಕ್ಲೇಮನ್ನೇ ನುಂಗುತ್ತದೆ.

ಸವಕಳಿ: ಬಿಲ್ಲಿನಲ್ಲಿ ಕಾಣದಂತೆ ಕಳೆದುಹೋಗುವ ಹಣ

ಕಾಂಪ್ರಹೆನ್ಸಿವ್ ಎಂದರೆ ಎಲ್ಲವೂ ಸೇರಿದೆ ಎಂದು ನಂಬಿದವರಿಗೆ ಪೆಟ್ಟು ಬೀಳುವುದು ಇಲ್ಲಿ. ಬಿಡಿಭಾಗ ಬದಲಿಸಿದಾಗ ಕಂಪನಿ ಹೊಸ ಭಾಗದ ಪೂರ್ತಿ ಬೆಲೆ ಕೊಡುವುದಿಲ್ಲ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಬ್ಯಾಟರಿ, ಏರ್‌ಬ್ಯಾಗ್ ಇವುಗಳಿಗೆ ಕಾರು ಎಷ್ಟೇ ಹೊಸದಾಗಿದ್ದರೂ ಶೇ 50 ಕಡಿತ. ಫೈಬರ್ ಗ್ಲಾಸಿಗೆ ಶೇ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ: ಆರು ತಿಂಗಳವರೆಗೆ ಇಲ್ಲ, ವರ್ಷದವರೆಗೆ 5, ಎರಡು ವರ್ಷದವರೆಗೆ 10, ಮೂರಕ್ಕೆ 15, ನಾಲ್ಕಕ್ಕೆ 25, ಐದಕ್ಕೆ 35, ಹತ್ತರವರೆಗೆ 40, ಅದರಾಚೆ 50. ಬಣ್ಣದ ಸಾಮಗ್ರಿಗೆ ಶೇ 50.

ನಾಲ್ಕೂವರೆ ವರ್ಷದ ಸಣ್ಣ ಕಾರೊಂದು ಅಪಘಾತಕ್ಕೀಡಾಯಿತು ಎಂದುಕೊಳ್ಳೋಣ. ಬಂಪರ್ ಮತ್ತಿತರ ಪ್ಲಾಸ್ಟಿಕ್ ಭಾಗಗಳಿಗೆ 26,000, ಬಾಗಿಲಿಗೆ 16,000, ಗಾಜಿಗೆ 8,000, ಕೂಲಿ 10,000, ಬಣ್ಣಕ್ಕೆ 8,000, ಆಯಿಲ್ ಕೂಲಂಟ್ ನಟ್ಟು ಬೋಲ್ಟುಗಳಿಗೆ 1,500. ತೆರಿಗೆ ಬಿಟ್ಟು ಒಟ್ಟು 69,500 ರೂಪಾಯಿ. ಪ್ಲಾಸ್ಟಿಕ್ಕಿನಲ್ಲಿ 13,000, ಬಾಗಿಲಿನಲ್ಲಿ 5,600 ಕಡಿತ. ಬಣ್ಣದ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿಯೆಂದು ಲೆಕ್ಕ ಹಿಡಿದು ಅದರಲ್ಲಿ ಅರ್ಧ, ಅಂದರೆ 1,000. ಆಯಿಲ್ ಮುಂತಾದವು ಪೂರ್ತಿ 1,500. ಕೊನೆಗೆ ಪ್ರತಿ ಕ್ಲೇಮ್‌ನಲ್ಲೂ ಕಳೆಯುವ ಕಡ್ಡಾಯ ಕಡಿತ 1,000; ಇದು 1500 ಸಿಸಿ ಮೀರಿದ ಕಾರಿಗಾದರೆ 2,000. ನಿಮ್ಮ ಕೈಯಿಂದ ಹೋಗುವುದು 22,100 ರೂಪಾಯಿ.

ಜನ ‘ಬಂಪರ್ ಟು ಬಂಪರ್’ ಎಂದು ಕರೆಯುವ ಝೀರೋ ಡೆಪ್ ರಕ್ಷಣೆ ಈ ಸವಕಳಿ ಕಡಿತವನ್ನು ತಪ್ಪಿಸುತ್ತದೆ. ಮೇಲಿನ ಲೆಕ್ಕದಲ್ಲಿ 19,600 ರೂಪಾಯಿ ಉಳಿಯುತ್ತಿತ್ತು. ಆಯಿಲ್, ನಟ್ಟು ಬೋಲ್ಟುಗಳಿಗೆ ‘ಕನ್ಸ್ಯೂಮಬಲ್ಸ್’ ರಕ್ಷಣೆ ಬೇರೆಯೇ ಬೇಕು. ಕಡ್ಡಾಯ ಕಡಿತ ಇವೆರಡರಿಂದಲೂ ತಪ್ಪುವುದಿಲ್ಲ. ಝೀರೋ ಡೆಪ್‌ಗೂ ಮಿತಿಗಳಿವೆ: ಹಲವು ಕಂಪನಿಗಳು ವರ್ಷಕ್ಕೆ ಎರಡೇ ಕ್ಲೇಮ್‌ಗೆ ಕೊಡುತ್ತವೆ, ಐದು ಅಥವಾ ಏಳು ವರ್ಷ ದಾಟಿದ ಕಾರಿಗೆ ಕೊಡುವುದೇ ಇಲ್ಲ. ವರ್ಷ ವರ್ಷವೂ ತಾನಾಗಿ ಮುಂದುವರಿಯುತ್ತದೆ ಎಂದು ಭಾವಿಸಬೇಡಿ. ಈ ಸಲದ ಪತ್ರದಲ್ಲಿ ಅದರ ಹೆಸರಿದೆಯೇ ಎಂದು ನೋಡಿ.

ಮಳೆ, ನೀರು, ಎಂಜಿನ್

ಬೆಂಗಳೂರಿನಲ್ಲಿ ಕಾರಿಟ್ಟುಕೊಂಡವರು ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನೆಲಮಾಳಿಗೆಯ ಪಾರ್ಕಿಂಗ್‌ಗಳೇ ಮುಳುಗಿದವು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನ ನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಹೊರಮಾವಿನ ಸಾಯಿ ಲೇಔಟಿನವರಿಗೆ ಮನೆಗೆ ನೀರು ನುಗ್ಗುವುದು ಹೊಸದಲ್ಲ.

ಪ್ರವಾಹದ ಹಾನಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಸೇರಿದೆ. ಸೀಟು, ವೈರಿಂಗ್, ಒಳಾಂಗಣ ಹಾಳಾದರೆ ಪರಿಹಾರ ಸಿಗುತ್ತದೆ. ಎಂಜಿನ್ನಿನ ಕಥೆ ಬೇರೆ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ನೀರು ಸಿಲಿಂಡರಿನೊಳಗೆ ಸೇರುತ್ತದೆ. ಗಾಳಿಯಂತೆ ನೀರು ಅದುಮಿಕೊಳ್ಳದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಜಖಂಗೊಳ್ಳುತ್ತದೆ. ಇದು ಪ್ರವಾಹದ ನೇರ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರ ಪರಿಣಾಮ ಎಂದು ಹೇಳಿ ಕಂಪನಿ ಎಂಜಿನ್ ಖರ್ಚನ್ನು ನಿರಾಕರಿಸುತ್ತದೆ. ಅದು ಲಕ್ಷಗಳ ಮಾತು. ಇದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಬೇಕು. ತಗ್ಗಿನ ಬಡಾವಣೆಯಲ್ಲಿ ಮನೆಯಿದ್ದರೆ, ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರಾದರೆ, ದಿನವೂ ಅಂಡರ್‌ಪಾಸ್ ದಾಟುವವರಾದರೆ ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ. ವಿದ್ಯುತ್ ಕಾರಿನವರು ಬ್ಯಾಟರಿ ಮತ್ತು ಮೋಟಾರಿಗೆ ನೀರಿನಿಂದಾಗುವ ಹಾನಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ ಉತ್ತರ ಪಡೆಯಬೇಕು.

ಎಂಜಿನ್ ರಕ್ಷಣೆ ಇದ್ದರೂ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಮೊದಲು ಕಾರಿನಲ್ಲಿರುವವರು ಹೊರಬಂದು ಎತ್ತರದ ಜಾಗ ಸೇರಿಕೊಳ್ಳಿ. ಸುರಕ್ಷಿತವಾಗಿದ್ದರೆ ಮಾತ್ರ ನೀರಿನ ಮಟ್ಟ ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ. ಕಂಪನಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆದು, ಟೋಯಿಂಗ್ ವಾಹನದಲ್ಲೇ ಗ್ಯಾರೇಜಿಗೆ ಸಾಗಿಸಿ.

ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಕಾರು ಜಜ್ಜಿದರೆ ಓನ್ ಡ್ಯಾಮೇಜ್ ಭಾಗದಲ್ಲಿ ಪರಿಹಾರವಿದೆ. ಗಾಜು ಒಡೆದು ಲ್ಯಾಪ್‌ಟಾಪ್ ಕದ್ದರೆ ಗಾಜಿಗೆ ಮಾತ್ರ, ಲ್ಯಾಪ್‌ಟಾಪಿಗೆ ಇಲ್ಲ. ಗುಂಡಿಗೆ ಬಿದ್ದು ಟೈರು ಮಾತ್ರ ಹರಿದರೆ ಮೂಲ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ. ಕಾರಿಗೂ ಅದೇ ಹೊತ್ತಿಗೆ ಹಾನಿಯಾಗಿರಬೇಕು.

ಕ್ಲೇಮ್ ಬೀಳಿಸುವ ಸಾಲುಗಳು

ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ಖಾಸಗಿ ಪಾಲಿಸಿಯಲ್ಲಿ ನಿಮ್ಮ ಕಾರಿನ ಹಾನಿಗೆ ಹಣ ಬರುವುದಿಲ್ಲ. ಕುಡಿದು ಓಡಿಸಿದರೂ, ಓಡಿಸಿದವರ ಬಳಿ ಊರ್ಜಿತ ಡಿಎಲ್ ಇರದಿದ್ದರೂ ಹಾಗೆಯೇ. ಕಾಲ್ ಡ್ರೈವರ್ ಕರೆಸುವಾಗ ಡಿಎಲ್ ಅವಧಿ ನೋಡುವುದು ಸಂಕೋಚದ ವಿಷಯವಲ್ಲ. ಹೊರಗಡೆ ಹಾಕಿಸಿದ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ದಾಖಲಾಗಿರಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ವರ್ಗಾಯಿಸಿಕೊಂಡು, ಪಾಲಿಸಿಯನ್ನು ಮರೆತುಬಿಡುವುದು ಬಹಳ. ಥರ್ಡ್ ಪಾರ್ಟಿ ಭಾಗ ಕಾನೂನಿನಂತೆ ತಾನಾಗಿ ವರ್ಗವಾಗುತ್ತದೆ, ಓನ್ ಡ್ಯಾಮೇಜ್ ಭಾಗ ಆಗುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ಸಾಲ ತೀರಿದ ಮೇಲೆ ಬ್ಯಾಂಕಿನ ಹೆಸರನ್ನು ಆರ್‌ಸಿಯಿಂದಲೂ ಪಾಲಿಸಿಯಿಂದಲೂ ತೆಗೆಸಿ. ಇಲ್ಲದಿದ್ದರೆ ಕಾರು ಕಳುವಾದಾಗ ಪರಿಹಾರ ನಿಮ್ಮ ಕೈಸೇರಲು ಬ್ಯಾಂಕಿಗೆ ಅಲೆಯಬೇಕಾಗುತ್ತದೆ.

ಹಣ ಕಟ್ಟುವ ದಿನ

ಅವಧಿ ಮುಗಿಯುವ ಒಂದು ವಾರ ಮೊದಲೇ ಕಟ್ಟಿಬಿಡಿ. ಪ್ರೀಮಿಯಂ ಕೈಸೇರದೆ ವಿಮೆ ಆರಂಭವಾಗುವುದಿಲ್ಲ, ಗ್ರೇಸ್ ಅವಧಿಯ ರಕ್ಷಣೆ ಕಾರು ವಿಮೆಯಲ್ಲಿಲ್ಲ. ಒಂದು ದಿನ ತಪ್ಪಿದರೂ ಕಾರಿನ ಫೋಟೊ, ವಿಡಿಯೊ ತಪಾಸಣೆ ಆಗಬೇಕು. 90 ದಿನ ದಾಟಿದರೆ ಕೂಡಿಟ್ಟ ಬೋನಸ್ ಪೂರ್ತಿ ಹೋಗುತ್ತದೆ.

ಷೋರೂಂನಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಅವರ ಮೊತ್ತವನ್ನು ಬರಹದಲ್ಲಿ ಪಡೆದು, ಅದೇ ರಕ್ಷಣೆಗಳಿಗೆ ಇತರ ಕಂಪನಿಗಳ ದರ ಕೇಳಿ. ಮನೆಯ ಹತ್ತಿರದ ಒಳ್ಳೆಯ ಗ್ಯಾರೇಜ್ ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ (ಕಂಪನಿ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೇ ಕೊಡುವ ವ್ಯವಸ್ಥೆ) ಎಂದು ಗ್ಯಾರೇಜಿನವರನ್ನೇ ವಿಚಾರಿಸಿ. ಹಣವನ್ನು ಕಂಪನಿಯ ಖಾತೆಗೇ ಕಟ್ಟಿ, ವ್ಯಕ್ತಿಯ ಯುಪಿಐಗೆ ಬೇಡ. ನಕಲಿ ಪಾಲಿಸಿಗಳು ಚಲಾವಣೆಯಲ್ಲಿರುವುದರಿಂದ ಪತ್ರದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಕಂಪನಿಯ ಜಾಲತಾಣದಲ್ಲೂ ಪಾಲಿಸಿ ಸಂಖ್ಯೆ ಪರಿಶೀಲಿಸಿ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬೋನಸ್ ಪ್ರಮಾಣ, ಹೆಚ್ಚುವರಿ ರಕ್ಷಣೆಗಳ ಹೆಸರು ಸರಿಯಿಲ್ಲವಾದರೆ ಅಂದೇ ತಿದ್ದಿಸಿ.

ಕ್ಲೇಮ್ ತಿರಸ್ಕೃತವಾದರೆ

ಕಳ್ಳತನವಾದರೆ ಕೂಡಲೇ ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಕಾರು ಪತ್ತೆಯಾಗದಿದ್ದರೆ ಮುಂದೆ ‘ಸಿ’ ರಿಪೋರ್ಟ್ (ಪತ್ತೆಯಾಗಲಿಲ್ಲವೆಂಬ ಪೊಲೀಸರ ವರದಿ) ಬೇಕಾಗುತ್ತದೆ, ಎರಡೂ ಕೀಲಿ ಕೈಗಳನ್ನು ಕಂಪನಿ ಕೇಳುತ್ತದೆ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಪಘಾತವಾದಾಗ ಹಾನಿಯನ್ನು ಅಂದಾಜಿಸುವ ಸರ್ವೇಯರ್ ನೋಡುವ ಮೊದಲು ರಿಪೇರಿ ಆರಂಭಿಸಬೇಡಿ. ಅವರ ವರದಿಯ ಪ್ರತಿಯನ್ನು ಕೇಳಿ ಪಡೆದರೆ ಯಾವ ಭಾಗಕ್ಕೆ ಎಷ್ಟು ಕಳೆದಿದ್ದಾರೆ ಎಂದು ಸಾಲುಸಾಲಾಗಿ ನೋಡಬಹುದು.

ತಿರಸ್ಕಾರದ ಕಾರಣವನ್ನು ಪಾಲಿಸಿಯ ಯಾವ ಷರತ್ತಿನಡಿ ಎಂಬುದರ ಸಹಿತ ಲಿಖಿತವಾಗಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ತಕರಾರುಗಳನ್ನು ಬಗೆಹರಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲೇ, ಜೆ.ಪಿ. ನಗರ ಮೊದಲ ಹಂತದ 24ನೇ ಮುಖ್ಯರಸ್ತೆಯ ಜೀವನ್ ಸೌಧ ಕಟ್ಟಡದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅವರು ಆಲಿಸುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಅದೇ ವಿಷಯ ಗ್ರಾಹಕ ಆಯೋಗದಲ್ಲೋ ನ್ಯಾಯಾಲಯದಲ್ಲೋ ಇದ್ದರೆ ಇಲ್ಲಿ ಸ್ವೀಕರಿಸುವುದಿಲ್ಲವಾದ್ದರಿಂದ ಯಾವ ದಾರಿ ಎಂದು ಮೊದಲೇ ತೀರ್ಮಾನಿಸಿ. ಪಾಲಿಸಿ, ಸರ್ವೇಯರ್ ವರದಿ, ಗ್ಯಾರೇಜ್ ಬಿಲ್ಲು, ತಿರಸ್ಕಾರದ ಪತ್ರ, ನೀವು ಕಂಪನಿಗೆ ಬರೆದ ದೂರು ಇಷ್ಟರ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.